ಓಬಿಯ ಊರಿನ ಸಭೆಯಲ್ಲಿ ನನ್ನ ಎರಡು ಕೈ

ವಾಪಸ್ಸು ಬಂದು ಹದಿನೈದು ದಿನದ ಮೇಲಾಯ್ತು, ಎದೆ ಇನ್ನೂ ಕೆಳಗೆ ಇಳಿದಿಲ್ಲ. ಹಟ್ಟಿಯಲ್ಲಿ ಎಲ್ಲರಿಗೂ ಹೇಳಿದೆ. ಹೇಳಿದವರಿಗೇ ಇನ್ನೊಂದು ಸಲ ಹೇಳಿದೆ. ಈಗ ನಾನು ಬೀದಿಗೆ ಇಳಿದರೆ ಜನ ಕುರಿಮರಿ ಹುಡುಕೋ ನೆಪದಲ್ಲಿ ಆ ಕಡೆ ತಿರುಗಿಕೊಳ್ತಾರೆ. ನನ್ನ ತಂಗಿ ಪಾಲಮ್ಮ ಅಂತೂ ಬಾಯಿಬಿಟ್ಟೇ ಅಂದಳು, "ಅಕ್ಕಾ, ನೀನು ಇಳಿದೆ, ನಿನ್ನ ವಿಮಾನ ಇನ್ನೂ ಇಳಿದಿಲ್ಲ ಕಣೆ." ಅದಕ್ಕೇ ಕಾಗದ ಹಿಡಿದು ಕೂತೆ. ಕಾಗದ ಎದ್ದು ಹೋಗಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತು, ದೀರ್ಘ ಹೆಚ್ಚುಕಮ್ಮಿ ಆಗಿದ್ದರೆ ಓದುವವರು ಸರಿಮಾಡಿಕೊಳ್ಳಿ. ನಮ್ಮ ಹಟ್ಟಿ ಇರೋದು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ. ಸಂತೆಗೆ ಒಂದು ಕಡೆ, ಆಸ್ಪತ್ರೆಗೆ ಇನ್ನೊಂದು ಕಡೆ. ಇಷ್ಟೇ ನನ್ನ ಪ್ರಪಂಚ ಅಂದುಕೊಂಡಿದ್ದೆ. ಈ ವಯಸ್ಸಲ್ಲಿ ಸ್ವಿಟ್ಜರ್ಲೆಂಡ್ ನೋಡಿ ಬಂದೆ.

ಕರೆದಿದ್ದು ನನ್ನ ಮಗಳ ಮಗಳು ಓಬಮ್ಮ. ನಮಗೆಲ್ಲ ಓಬಿ. ನರ್ಸಿಂಗ್ ಓದಿದಳು. ಆ ದೇಶದ ಬೆಟ್ಟದ ಬುಡದ ಊರೊಂದರಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋ ಮನೆ ಐತೆ, ಅಲ್ಲಿ ಕೆಲಸಕ್ಕೆ ಸೇರಿ ಹನ್ನೆರಡು ಹದಿಮೂರು ವರ್ಷ ಆಯ್ತು. ಆ ಊರಿನ ಹೆಸರು ಹೇಳೋಕೆ ಹೋದರೆ ನನಗೆ ಕೆಮ್ಮು ಬರುತ್ತೆ. ಅದಕ್ಕೆ ಓಬಿಯ ಊರು ಅಂತಲೇ ಬರೀತೀನಿ. ಮದುವೆ ಆಗಿಲ್ಲ. ಆ ಮಾತು ತೆಗೆದರೆ ಅವಳ ಫೋನಿಗೆ ಸಿಗ್ನಲ್ ಹೋಗಿಬಿಡುತ್ತೆ.

ಈ ಸಲ ಫೋನು ಅವಳೇ ಮಾಡಿದಳು. "ಅಜ್ಜಿ, ನಾನು ಇಲ್ಲಿನವಳಾಗೋಕೆ ಅರ್ಜಿ ಹಾಕಿದೀನಿ. ಊರಿನ ಜನ ಸಭೆ ಸೇರಿ ಕೈ ಎತ್ತಿ ಒಪ್ಪಬೇಕು. ಹಿಂದೆ ಒಂದು ಸಲ ಕೇಳಿದ್ದೆ, ಕೈ ಸಾಲದೆ ಬಿದ್ದುಹೋಯ್ತು. ನಿಮಗೆ ಯಾರಿಗೂ ಹೇಳಿರಲಿಲ್ಲ. ಈ ಸಲವೂ ಬಿದ್ದರೆ ಮೂರನೇ ಸಲ ಕೇಳಲ್ಲ, ಈ ಊರು ಬಿಡ್ತೀನಿ. ನೀನು ಬಂದು ನನ್ನ ಜೊತೆ ಇರ್ತೀಯಾ?"

ಅವಳ ದನಿ ಚಿಕ್ಕಂದಿನಲ್ಲಿ ಜ್ವರ ಬಂದಾಗ ಇದ್ದ ಹಾಗೇ ಇತ್ತು. ಬರ್ತೀನಿ ಅಂದೆ. ದೇಶ ಎಷ್ಟು ದೂರ ಅಂತ ಆಮೇಲೆ ಕೇಳಿದೆ.

ವಿಮಾನದ ಬಾಗಿಲು

ನನಗೆ ಹಲ್ಲಿಲ್ಲ. ಅಡಿಕೆ ಕುಟ್ಟಿಕೊಳ್ಳದೆ ನನಗೆ ಹೊತ್ತು ಹೋಗಲ್ಲ. ಎಲೆ ತರೋ ಹಾಗಿಲ್ಲ ಅಂತ ಓಬಿ ಮೊದಲೇ ಹೇಳಿದ್ದಳು. ಕುಟ್ಟಾಣಿ ತರಬೇಡ ಅಂತ ಹೇಳಿರಲಿಲ್ಲ. ಕಬ್ಬಿಣದ ಕುಟ್ಟಾಣಿ, ಅದರ ಗೂಟದ ಸಮೇತ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ.

ಚೀಲ ಒಂದು ಡಬ್ಬಿಯೊಳಗೆ ಹೋಗಿ ಬಂತು. ಖಾಕಿ ಹುಡುಗಿ ಕುಟ್ಟಾಣಿ ಎತ್ತಿ ಹಿಡಿದು, "ಏನಜ್ಜಿ ಇದು?" ಅಂದಳು.

"ಕುಟ್ಟಾಣಿ ಕಣವ್ವ. ಹಲ್ಲಿಲ್ಲ ನನಗೆ, ನೋಡು."

"ಇದನ್ನ ಒಳಗೆ ಬಿಡೋ ಹಾಗಿಲ್ಲ. ಯಾರ ತಲೆಗಾದರೂ ಹೊಡೀಬಹುದು."

"ಹೊಡೆಯೋ ಹಂಗಿದ್ರೆ ನಮ್ಮನೇಲೇ ಎಷ್ಟೋ ತಲೆ ಇದ್ವು, ಇಲ್ಲಿಗಂಟ ಯಾಕೆ ಬರ್ತಿದ್ದೆ?"

ಅವಳು ನಕ್ಕಳು. ನಕ್ಕರೂ ಬಿಡಲಿಲ್ಲ. ವಿಮಾನದ ಕಂಪನಿಯ ಇನ್ನೊಬ್ಬಳು ಹುಡುಗಿ ನನ್ನ ಜೊತೆ ವಾಪಸ್ಸು ಬಂದು, ಅದನ್ನ ಒಂದು ಪೆಟ್ಟಿಗೆಗೆ ಹಾಕಿ ವಿಮಾನದ ಹೊಟ್ಟೆಗೆ ಕಳಿಸಿದಳು. ನನಗೆ ಸಿಟ್ಟು ಬರಲಿಲ್ಲ. ಮುಂದೆ ನಿಂತಿದ್ದ ಕೋಟು ಬೂಟಿನ ಯಜಮಾನರ ಸೊಂಟದ ಬೆಲ್ಟನ್ನೂ ಬಿಚ್ಚಿಸಿದ್ದರು. ಅವರು ಪ್ಯಾಂಟು ಹಿಡಕೊಂಡು ನಿಂತಿದ್ದನ್ನ ನೋಡಿದ ಮೇಲೆ ನನಗೆ ಬಹಳ ಸಮಾಧಾನ ಆಯ್ತು. ಎಲ್ಲರಿಗೂ ಒಂದೇ ಅಂದಮೇಲೆ ಆಯ್ತು.

ಮೊದಲನೇ ದಿನ, ಕೆಂಪು ದೀಪ

ಓಬಿಯ ಊರಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಹಸು. ನಮ್ಮ ಎರಡು ಹಸು ಸೇರಿಸಿದರೆ ಅವರದೊಂದು. ಕೊರಳಲ್ಲಿ ತಂಬಿಗೆಯಷ್ಟು ದೊಡ್ಡ ಗಂಟೆ. ಗುಡ್ಡ ಪೂರಾ ಹಸಿರು. ನಮ್ಮ ಕಡೆ ಆ ಹಸಿರು ಬರೋದು ಮಳೆ ಬಿದ್ದ ಒಂದಿಷ್ಟು ದಿನ. ಆಗ ನಾವೂ ಸ್ವಿಟ್ಜರ್ಲೆಂಡೇ.

ಸಂಜೆ ಹಾಲು ತರೋಕೆ ಹೊರಟೆವು. ರಸ್ತೆ ದಾಟೋ ಜಾಗದಲ್ಲಿ ಒಂದು ಕೆಂಪು ದೀಪ. ಈ ಕಡೆ ನೋಡಿದೆ, ಆ ಕಡೆ ನೋಡಿದೆ. ಕಣ್ಣು ಹಾಯೋವರೆಗೂ ಒಂದು ಗಾಡಿ ಇಲ್ಲ. ಒಂದು ಹಸು ಕೂಡ ಇಲ್ಲ. ಕೋಲು ಹಿಡಿದ ಒಬ್ಬ ಮುದುಕಿ, ಕೂಸಿನ ಕೈ ಹಿಡಿದ ಒಬ್ಬ ತಾಯಿ, ಇಬ್ಬರೂ ಕಂಬದ ಹಾಗೆ ನಿಂತಿದ್ದರು. ಪಾಪ, ಯಾರಿಗೋ ಕಾಯ್ತಿದ್ದಾರೆ ಅಂದುಕೊಂಡು ನಾನು ದಾಟಿಬಿಟ್ಟೆ. ತಿರುಗಿ ನೋಡಿದರೆ ಓಬಿಯೂ ಆ ಕಡೆಯೇ ನಿಂತಿದ್ದಾಳೆ, ಮುಖ ಕೆಂಪು. ಆ ಕೂಸು ನನ್ನ ಕಡೆ ಬೆರಳು ತೋರಿಸಿ ಅವ್ವನನ್ನ ಏನೋ ಕೇಳಿತು.

ದೀಪ ಹಸಿರಾಯ್ತು, ಎಲ್ಲರೂ ಬಂದರು. "ಏನಂತೆ ಆ ಕೂಸು?" ಅಂದೆ.

"ಆ ಅಜ್ಜಿಗೆ ಕಣ್ಣು ಕಾಣಲ್ವಾ ಅಂತ ಕೇಳಿತು."

"ಪೊಲೀಸು ಎಲ್ಲವ್ನೆ?"

"ಇಲ್ಲ."

"ಮತ್ತೆ ಯಾರಿಗೆ ಹೆದರಿ ನಿಂತಿದ್ರಿ?"

"ಹೆದರಿಕೆ ಅಲ್ಲ ಅಜ್ಜಿ. ಆ ಕೂಸು ನೋಡ್ತಿತ್ತಲ್ಲ."

ಚಳ್ಳಕೆರೆ ಸರ್ಕಲ್ಲು ನೆನಪಾಯ್ತು. ಅಲ್ಲಿ ಪೊಲೀಸಪ್ಪ ಸೀಟಿ ಊದ್ತಿದ್ದರೆ ಕಾನೂನು ಇರುತ್ತೆ. ಅವನು ಚಾ ಕುಡಿಯೋಕೆ ಹೋದರೆ ಕಾನೂನೂ ಅವನ ಹಿಂದೆ ಚಾ ಕುಡಿಯೋಕೆ ಹೋಗುತ್ತೆ. ಆಗ ಕಡಲೆಕಾಯಿ ತುಂಬಿದ ಲಾರಿ, ಆಟೋ, ನಮ್ಮ ಕುರಿ, ಎಲ್ಲ ಒಂದೇ ಸಲಕ್ಕೆ ದಾಟ್ತವೆ.

ನಮ್ಮವರನ್ನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. ಅಡುಗೆ ಮಾಡ್ತಾ ಹೇಳಿದೆ, "ನಮ್ಮ ಹಟ್ಟೀಲಿ ಹಿರೀಕರ ಕಟ್ಟಳೆ, ಕೋಳಿ ಸಾಕಲ್ಲ, ತಿನ್ನಲ್ಲ. ಯಾವ ಪೊಲೀಸು ಬಂದು ಕಾಯ್ತಾನೆ? ಇವತ್ತಿಗೂ ಒಂದು ಮನೆ ಮುಂದೆ ಒಂದು ಪುಕ್ಕ ಬಿದ್ದಿಲ್ಲ."

ಓಬಿ ಈರುಳ್ಳಿ ಹೆಚ್ಚೋದು ನಿಲ್ಲಿಸಿದಳು. "ಹೌದಜ್ಜಿ. ಆದರೆ ಆ ಕಟ್ಟಳೆ ಬದಲಾಯಿಸಬೇಕು ಅಂತ ನನಗೆ ಅನ್ನಿಸಿದರೆ ಯಾರನ್ನ ಕೇಳಬೇಕು?"

ಯೋಚನೆ ಮಾಡಿದೆ. "ಸತ್ತೋರನ್ನ," ಅಂದೆ.

"ಇಲ್ಲಿ ಬದುಕಿರೋರನ್ನ ಕೇಳಬಹುದು. ಅಷ್ಟೇ ವ್ಯತ್ಯಾಸ."

ಮೊಳಕಾಲ್ಮೂರಿನ ಹತ್ತಿರ ಬಂಡೆಯ ಮೇಲೆ ಯಾವುದೋ ಕಾಲದ ರಾಜ ಬರೆಸಿದ ಅಕ್ಷರ ಐತೆ. ಅವ್ವ ಅಪ್ಪನ ಮಾತು ಕೇಳಿ, ನಿಜ ಹೇಳಿ ಅಂತೆಲ್ಲ ಅದರಲ್ಲಿ ಐತಂತೆ. ಒಳ್ಳೇ ಮಾತೇ. ಆದರೂ ನಾವು ಕುರಿ ಕಾಯೋ ಹೊತ್ತಲ್ಲಿ ಅದರ ಪಕ್ಕ ಕೂತು ರೊಟ್ಟಿ ತಿಂದಿದ್ದೀವೇ ಹೊರತು ಓದಿಲ್ಲ, ಓದೋಕೆ ಬರೋದೂ ಇಲ್ಲ. ಕಾನೂನು ಅಂದರೆ ನಮಗೆ ಹಾಗೇ. ಮೇಲಿಂದ ಬರುತ್ತೆ, ಕಲ್ಲಿನ ಹಾಗೆ ಇರುತ್ತೆ. ನಮ್ಮ ಕುರಿ ಮೇಯ್ತಿದ್ದ ಉಳ್ಳಾರ್ತಿ ಕಾವಲ್ ಸುತ್ತ ಸರ್ಕಾರದ ಗೋಡೆ ಎದ್ದಾಗಲೂ, ಅದು ಯಾಕೆ ಎದ್ದಿತು ಅಂತ ನಮ್ಮ ಕುರಿಗಳಿಗೂ ನಮಗೂ ಒಂದೇ ದಿನ ಗೊತ್ತಾಯ್ತು.

"ಇಲ್ಲಿನವಳಾದರೆ ನಮ್ಮ ದೇಶದ ವೋಟು?" ಅಂತ ಕೇಳಿದೆ.

"ಹೋಗುತ್ತಜ್ಜಿ. ಎರಡೂ ಇಟ್ಕೊಳ್ಳೋ ಹಾಗಿಲ್ಲ."

ಸ್ವಲ್ಪ ಹೊತ್ತು ಸೌಟು ಆಡಿಸಿದೆ. ಅವಳೇ ಹೇಳಿದಳು, "ಇಷ್ಟು ವರ್ಷ ಇವರ ಕೆಂಪು ದೀಪಕ್ಕೆ ನಿಂತಿದೀನಿ ಅಜ್ಜಿ. ಇವರ ತೆರಿಗೆ ಕಟ್ಟಿದೀನಿ. ಕಸದ ಚೀಲ ಇವರು ಹೇಳಿದ ದಿನವೇ ಇಟ್ಟಿದೀನಿ. ಒಂದೇ ಒಂದು ಕಾನೂನಿಗೆ ನನ್ನನ್ನೂ ಕೇಳಿದರು ಅಂತ ಅನ್ನಿಸಬೇಕು ನನಗೆ. ಬೇರೆ ಏನೂ ಬೇಡ."

ಆ ಮಾತು ಕೇಳಿದ ಮೇಲೆ ನನಗೂ ಆ ಸಭೆ ಯಾವಾಗ ಬರುತ್ತೋ ಅನ್ನಿಸೋಕೆ ಶುರುವಾಯ್ತು.

ಭಾನುವಾರ

ಭಾನುವಾರ ಆ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಳ್ಳುತ್ತೆ. ನಮ್ಮ ಕಡೆ ರಜಾದಿನ ಅಂದರೆ ಮೈಕು, ಇಲ್ಲ ಟ್ರ್ಯಾಕ್ಟರಿನಲ್ಲಿ ಹಾಡು. ಇಲ್ಲಿ ಎಲೆ ಬಿದ್ದರೂ ಕೇಳಿಸುತ್ತೆ. ಓಬಿ ಡ್ಯೂಟಿಗೆ ಹೋಗಿದ್ದಳು. ಊಟ ಆದ ಮೇಲೆ ನಾನು ಕೆಳಗೆ ಕೂತು, ಕಾಲು ಚಾಚಿ, ಕುಟ್ಟಾಣಿಗೆ ಅಡಿಕೆ ಹಾಕಿ ಕುಟ್ಟೋಕೆ ಶುರು ಮಾಡಿದೆ. ಮರದ ಹಲಗೆಯ ನೆಲ ಅದು. ಹಲಗೆ ಅಂದರೆ ತಮಟೆ. ಅದು ನನಗೆ ಹೊಳೀಲೇ ಇಲ್ಲ. ಅಡಿಕೆ ಗಟ್ಟಿ ಇತ್ತು, ನಾನೂ ಗಟ್ಟಿಯಾಗಿಯೇ ಕುಟ್ಟಿದೆ.

ಬಾಗಿಲು ಬಡಿದ ಸದ್ದಾಯ್ತು. ತೆಗೆದರೆ ಕೆಳಗಿನ ಮನೆಯ ಯಜಮಾನ. ರುಡಿ ಅಂತ ಹೆಸರು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು ಇರಬಹುದು. ಕೆಂಪು ಮುಖ, ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಏನೋ ಹೇಳಿದ. ನಾನು ಬನ್ನಿ ಕೂತ್ಕೊಳ್ಳಿ ಅಂದೆ. ಕೂರಲಿಲ್ಲ. ಗೋಡೆಗೆ ಅಂಟಿಸಿದ್ದ ಒಂದು ಹಾಳೆಯ ಮೇಲೆ ಬೆರಳಿಟ್ಟ, ಗಡಿಯಾರ ತೋರಿಸಿದ, ಕಿವಿ ಮುಚ್ಚಿಕೊಂಡು ತೋರಿಸಿದ. ಆಮೇಲೆ ಕುಟ್ಟಾಣಿ ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಮೆತ್ತಗೆ ಕೆಳಗಿಟ್ಟು ಹೋದ.

ಓಬಿ ಬಂದವಳೇ ತಲೆ ಮೇಲೆ ಕೈ ಇಟ್ಟುಕೊಂಡಳು. "ಭಾನುವಾರ ಸದ್ದು ಮಾಡೋ ಹಾಗಿಲ್ಲ ಅಜ್ಜಿ. ಬಟ್ಟೆ ಒಗೆಯೋ ಮಿಷಿನ್ನು ಕೂಡ ಹಾಕಲ್ಲ. ಹೋದ ಸಲ ನನಗೆ ಬೇಡ ಅಂತ ಕೈ ಎತ್ತಿದೋರಲ್ಲಿ ಅವನೇ ಮೊದಲನೆಯೋನು. ಸಭೆ ಶನಿವಾರ ಐತೆ."

ಎಲ್ಲಿಂದಲೋ ಬಂದು, ಒಂದು ಅಡಿಕೆ ಹೋಳಿಗೋಸ್ಕರ ಮೊಮ್ಮಗಳ ಬದುಕು ಕುಟ್ಟಿ ಪುಡಿ ಮಾಡಿದೆನಲ್ಲ ಅನ್ನಿಸಿತು. "ಆ ಕಟ್ಟಳೆ ಯಾವನು ಮಾಡಿದ್ದು?" ಅಂದೆ.

"ಊರೇ ಮಾಡಿದ್ದು. ಕೈ ಎತ್ತಿ."

ಕೆಳಗಿನ ಮನೆ

ಮಾರನೇ ದಿನ ನಾನೇ ಮೆಟ್ಟಿಲು ಇಳಿದು ಹೋದೆ. ಕಡಲೆಕಾಯಿ ಚಟ್ನಿಪುಡಿ ಒಂದು ಡಬ್ಬಿಗೆ ತುಂಬಿದೆ. ಓಬಿ ಬೇಡ ಅಂದಳು. "ಸಭೆ ಹತ್ತಿರ ಬಂದಾಗ ಏನಾದರೂ ಕೊಟ್ಟರೆ ಬೇರೆ ಥರ ಕಾಣುತ್ತೆ ಅಜ್ಜಿ." ನಾನು, "ತಪ್ಪು ಮಾಡಿದ ಮನೆಗೆ ಬರಿಗೈಲಿ ಹೋದ್ರೆ ನಮ್ಮ ಥರ ಕಾಣಲ್ಲ" ಅಂದೆ. ಕೊನೆಗೆ ಮಾತು ಆಡಿಸೋಕೆ ಅವಳೂ ಹಿಂದೆ ಬಂದಳು.

ರುಡಿಯ ಮನೆಯಲ್ಲಿ ಗೋಡೆ ತುಂಬ ಹಸುಗಳ ಫೋಟೋ. ಮೊಮ್ಮಕ್ಕಳದು ಒಂದು ಮೂಲೆಯಲ್ಲಿ. ಮೊನ್ನೆ ಮೊನ್ನೆಯವರೆಗೂ ಹಸು ಕಟ್ಟಿದ್ದನಂತೆ, ಈಗ ಮಂಡಿ ನೋವು. ನಾನು ಹೊದ್ದಿದ್ದ ಚಳ್ಳಕೆರೆ ಕಂಬಳಿಯ ಅಂಚು ಹಿಡಿದು ಬೆರಳಲ್ಲಿ ಉಜ್ಜಿ ನೋಡಿದ. "ಕುರಿ?" ಅಂತ ಕೇಳಿದ. ಹೂಂ ಅಂದೆ. ನಮ್ಮ ಕಾವಲಿನ ದನ ಎಂಥವು, ದೇವರ ಎತ್ತುಗಳನ್ನ ಯಾರೂ ಹೂಡದೆ, ಹೊಡೆಯದೆ ಹೇಗೆ ಬಿಡ್ತೀವಿ ಅಂತ ನಾನು ಹೇಳ್ತಾ ಹೋದೆ, ಓಬಿ ಅವರ ಭಾಷೆಗೆ ತಿರುಗಿಸ್ತಾ ಹೋದಳು. ಅವನು ಮುಂದಕ್ಕೆ ಬಾಗಿ ಕೂತು ಕೇಳಿದ. ಗಂಟೆ ಕಟ್ಟಲ್ವಾ ಅಂದ. ಕಟ್ತೀವಿ, ನಿಮ್ಮಷ್ಟು ದೊಡ್ಡದು ಕಟ್ಟಿದರೆ ನಮ್ಮ ದನ ಮುಗ್ಗರಿಸುತ್ತೆ ಅಂದೆ. ಅವನು ಮೀಸೆಯೊಳಗೆ ನಕ್ಕ.

ಚಟ್ನಿಪುಡಿ ತಗೊಂಡ. ನೆಕ್ಕಿ ನೋಡಿ ಕಣ್ಣಲ್ಲಿ ನೀರು ಹಾಕಿಕೊಂಡ. ನನಗೆ ಧೈರ್ಯ ಬಂತು. ಓಬಿಗೆ ತಿರುಗಿ, "ಶನಿವಾರದ ವಿಷಯ ಕೇಳೇ" ಅಂದೆ. ಅವಳು ಕೇಳಲ್ಲ ಅಂದಳು. ನಾನೇ ಕೈ ಎತ್ತಿ ತೋರಿಸಿ, ಓಬಿ ಕಡೆ ಬೆರಳು ಮಾಡಿದೆ.

ಅವನು ಡಬ್ಬಿಯ ಮುಚ್ಚಳ ಹಾಕಿ, ನಿಧಾನವಾಗಿ ಹೇಳಿದ. ಓಬಿ ನೆಲ ನೋಡಿಕೊಂಡು ತಿರುಗಿಸಿದಳು. "ನಿಮ್ಮ ಪುಡಿ ಚೆನ್ನಾಗೈತೆ. ನನ್ನ ಕೈ ಬೇರೆ ವಿಷಯ. ಅದನ್ನ ಸಭೇಲೇ ನೋಡ್ತೀರಿ."

ಮೇಲೆ ಬಂದ ಮೇಲೆ ಓಬಿಗೆ ಅಂದೆ, "ಒಳ್ಳೇ ಗಂಡಸು. ನಿನಗೆ ಬೇಡ ಅಂತಲೇ ಎತ್ತುತ್ತಾನೆ."

ಸಭೆಯ ದಿನ

ಶಾಲೆಯ ಆಟದ ಮನೆಯಲ್ಲಿ ಸಭೆ. ಜನ ಬೆಳಗ್ಗೆಯೇ ಬಂದು ಕುರ್ಚಿಗಳಲ್ಲಿ ಕೂತಿದ್ದರು. ಕೈ ಎತ್ತೋ ಹಕ್ಕಿರೋರು ಮಾತ್ರ ಮುಂದೆ ಕೂರೋದಂತೆ, ಅದು ನನಗೆ ಆಮೇಲೆ ಗೊತ್ತಾಯ್ತು. ನನ್ನಂಥವರಿಗೆ ಹಿಂದೆ ಒಂದು ಬೆಂಚು, ಮಧ್ಯೆ ಒಂದು ಹಗ್ಗ. ನನ್ನ ಪಕ್ಕ ಸುಜಾತ ಕೂತಳು. ಓಬಿ ಕೆಲಸ ಮಾಡೋ ಮನೆಯ ಅಡುಗೆಯಲ್ಲಿ ಇರೋಳು. ರಾಯದುರ್ಗದ ಕಡೆಯವಳು. ರಾಯದುರ್ಗ ಅಂದರೆ ನಮಗೆ ಮೊಳಕಾಲ್ಮೂರಿನ ಹಿತ್ತಲು. ಅವಳು ತೆಲುಗು ಆಡ್ತಾಳೆ, ನನಗೂ ಬರುತ್ತೆ. ಅಷ್ಟು ದೂರ ಹೋಗಿ ತೆಲುಗಿನಲ್ಲಿ ಚಾಡಿ ಹೇಳೋಕೆ ಒಬ್ಬಳು ಸಿಕ್ಕಿದ್ದು ನನ್ನ ಪುಣ್ಯ.

ಅಧ್ಯಕ್ಷೆ ಅಂದರೆ ನಾವು ದಿನಾ ಬ್ರೆಡ್ಡು ತರೋ ಅಂಗಡಿಯ ಹೆಂಗಸೇ. ಮೊದಲನೆಯ ವಿಷಯ, ಹೊಳೆ ದಂಡೆಯ ದಾರಿಗೆ ದೀಪ ಹಾಕೋದೋ ಬೇಡವೋ. ಒಬ್ಬಳು ಹೆಂಗಸು ಎದ್ದು ದೀಪ ಬೇಕೇಬೇಕು ಅಂತ ಕೈ ಬೀಸಿ ಬೀಸಿ ಮಾತಾಡಿದಳು. ಕೈ ಎಣಿಸಿದರು. ಸೋತಳು. ಇನ್ನೇನು ಕುರ್ಚಿ ಹಾರುತ್ತೆ ಅಂತ ನಾನು ಸೆರಗು ಬಿಗಿ ಮಾಡಿಕೊಂಡೆ. ಅವಳು ಭುಜ ಕುಣಿಸಿ, ಚೀಲದಿಂದ ಉಲ್ಲನ್ನು ತೆಗೆದು ಹೆಣೆಯೋಕೆ ಕೂತಳು.

ನಾನೂ ಒಂದು ಕಾಲದಲ್ಲಿ ಗ್ರಾಮ ಪಂಚಾಯ್ತಿ ಮೆಂಬರು. ಹೆಂಗಸರ ಸೀಟು ಅಂತ ನಿಲ್ಲಿಸಿದ್ದರು, ಗೆದ್ದೆ. ಸಭೆಗೆ ನಮ್ಮ ಯಜಮಾನರು ಹೋಗೋರು, ಸಹಿ ಮಾಡೋಕೆ ಪುಸ್ತಕ ಮನೆಗೆ ಬರೋದು. ಯಾವ ರಸ್ತೆಗೆ ಹೂಂ ಅಂದೆ, ಯಾವ ಮೋರಿಗೆ ಹೂಂ ಅಂದೆ, ನನಗೇ ಗೊತ್ತಿಲ್ಲ. ಅದನ್ನ ಸುಜಾತಗೆ ಹೇಳಿದೆ. "ಮಾ ಊಳ್ಳೋನೂ ಅಂತೇ ಅವ್ವಾ," ನಮ್ಮೂರಲ್ಲೂ ಅಷ್ಟೇ, ಅಂದಳು. ಇಬ್ಬರೂ ನಗು ತಡೆದುಕೊಂಡೆವು.

ಆಮೇಲೆ ಓಬಿಯ ಹೆಸರು ಕೂಗಿದರು. ಹೆಸರು ಬಂದವರು ಹೊರಗೆ ಹೋಗಬೇಕಂತೆ, ಎದುರಿಗೆ ಇದ್ದರೆ ಜನ ಮುಖ ನೋಡಿ ಮಾತಾಡ್ತಾರೆ ಅಂತ. ಓಬಿ ಎದ್ದು, ನನ್ನ ಕಡೆ ಒಂದು ಸಲ ನೋಡಿ, ಬಾಗಿಲು ಎಳಕೊಂಡು ಹೋದಳು.

ರುಡಿ ಎದ್ದು ನಿಂತ. ಸುಜಾತ ನನ್ನ ಕಿವಿಯಲ್ಲಿ ಹೇಳ್ತಾ ಹೋದಳು. "ಆ ಹುಡುಗಿ ಮೇಲೆ ನನಗೇನೂ ಕೋಪ ಇಲ್ಲ. ಭಾಷೆ ಕಲಿತಿದ್ದಾಳೆ, ದುಡೀತಾಳೆ. ಆದರೆ ಇಷ್ಟು ವರ್ಷದಲ್ಲಿ ಊರಿನ ಹಾಡಿನ ಕೂಟಕ್ಕೆ ಬಂದಿಲ್ಲ, ದಾರಿ ಸರಿಮಾಡೋ ದಿನ ಬಂದಿಲ್ಲ. ಇಂಥ ಸಭೆಗೆ ಬಂದು ಹಿಂದಿನ ಬೆಂಚಲ್ಲೂ ಕೂತಿಲ್ಲ. ಊರು ಅಂದರೆ ಮನೆ ಬಾಡಿಗೆ ಅಲ್ಲ." ಕೆಲವರು ತಲೆ ಆಡಿಸಿದರು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಉಲ್ಲನ್ನು ಹೆಣೀತಿದ್ದ ಆ ಹೆಂಗಸೇ ಎದ್ದಳು, ದೀಪಕ್ಕೆ ಸೋತವಳು. "ನನ್ನ ಅವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಾವೆಲ್ಲ ಹಾಡಿನ ಕೂಟದಲ್ಲಿ ಇದ್ದಾಗ ಅವಳ ಪಕ್ಕ ಕೂತಿದ್ದು ಈ ಹುಡುಗಿ. ನಮ್ಮ ಅವ್ವಂದಿರನ್ನ ಬಿಟ್ಟು ಯಾವ ಕೂಟಕ್ಕೆ ಬರಬೇಕಿತ್ತು ರುಡಿ, ನೀನೇ ಹೇಳು."

ಅಧ್ಯಕ್ಷೆ ಏನೋ ಕೂಗಿದಳು. ಸುಜಾತ, "ಒಪ್ಪಿಗೆ ಇರೋರು ಕೈ ಎತ್ತಬೇಕಂತೆ" ಅಂದಳು.

ಇಲ್ಲಿ ನಮ್ಮ ಹಟ್ಟಿಯ ಒಂದು ಪದ್ಧತಿ ಹೇಳಬೇಕು. ಒಂದು ಮನೆಯ ವಿಷಯ ಕಟ್ಟೆಗೆ ಬಂದರೆ, ಮೊದಲು ಆ ಮನೆಯ ಹಿರಿಯರು ಆಗಲಿ ಅನ್ನಬೇಕು. ಅವರು ಸುಮ್ಮನೆ ಕೂತರೆ ಆ ಮನೆಗೇ ಮನಸ್ಸಿಲ್ಲ ಅಂತ ಅರ್ಥ, ಉಳಿದವರು ಬಾಯಿ ತೆಗೆಯಲ್ಲ. ಓಬಿಯ ಮನೆಯ ಹಿರಿಯಳು ಅಲ್ಲಿ ನಾನೊಬ್ಬಳೇ. ನಾನು ಕೈ ಮಡಿಲಲ್ಲಿ ಇಟ್ಟುಕೊಂಡು ಕೂತರೆ ಓಬಿಯ ಮರ್ಯಾದೆ ಏನಾಗಬೇಕು? ಎತ್ತಿದೆ. ಒಂದು ಕೈ ಸಾಲದು ಅನ್ನಿಸಿತು, ಎರಡೂ ಎತ್ತಿದೆ. ಎಲ್ಲರಿಗೂ ಕಾಣಲಿ ಅಂತ ಎದ್ದೂ ನಿಂತೆ. ಸುಜಾತ ನನ್ನ ಸೆರಗು ಹಿಡಿದು ಜಗ್ಗಿದಳು. ಓಬಿಗೋಸ್ಕರ ಅವಳಿಗೂ ಅಳು ಬರ್ತಿದೆ ಅಂದುಕೊಂಡು ನಾನು ಇನ್ನೂ ಮೇಲಕ್ಕೆ ಎತ್ತಿದೆ.

ಎಣಿಸೋ ಇಬ್ಬರು ಹುಡುಗರು ಬೆರಳು ಮಾಡ್ತಾ ಬರ್ತಿದ್ದರು. ಹಿಂದಿನ ಸಾಲಿನವರ ಕೈ, ನನ್ನ ಕೈ ಎಲ್ಲ ಒಂದರ ಹಿಂದೆ ಒಂದು ಇದ್ದವು. ಅವರು ಎಣಿಸಿ ಮುಂದೆ ಹೋದರು. ರುಡಿ ತಿರುಗಿ ನೋಡಿದ. ಮತ್ತೆ ಎದ್ದು ನಿಂತು, ಮೆತ್ತಗೆ ಒಂದು ಮಾತು ಹೇಳಿದ. ಇಡೀ ಸಭೆ ನನ್ನ ಕಡೆ ತಿರುಗಿತು.

"ಲೆಕ್ಕ ಕೆಟ್ಟಿತಂತೆ ಅವ್ವಾ," ಅಂದಳು ಸುಜಾತ. "ಮೊದಲಿಂದ ಎಣಿಸಬೇಕಂತೆ. ನಮ್ಮ ಕೈಗೆ ಹಕ್ಕಿಲ್ಲ."

ಒಬ್ಬ ಗಂಡಸು ಗೊಣಗಿದ. ಸುಜಾತ ಅದನ್ನ ತಿರುಗಿಸಲಿಲ್ಲ, ನಾನು ಕೇಳಲೂ ಇಲ್ಲ. ಮೊದಲ ಸಲ ಕೈ ಎತ್ತಿದ್ದವರಲ್ಲೂ ಕೆಲವರು ಕೈ ಇಳಿಸಿ ಪಕ್ಕದವರ ಜೊತೆ ಪಿಸುಗುಟ್ಟೋಕೆ ಶುರು ಮಾಡಿದರು. ಬಾಗಿಲ ಆ ಕಡೆ ಓಬಿ ನಿಂತಿದ್ದಾಳೆ, ಈ ಕಡೆ ನಾನು ಹೀಗೆ ಮಾಡಿಟ್ಟಿದ್ದೀನಿ. ಆದರೂ ಕೂರಲಿಲ್ಲ. ಸುಜಾತನ ಭುಜ ಹಿಡಿದು, "ನಾನು ಹೇಳಿದ್ದು ಹೇಳಿದ ಹಾಗೆ ಹೇಳು" ಅಂದೆ. ಕೈ ಮುಗಿದು, ನಮ್ಮ ಹಟ್ಟಿಯ ಪದ್ಧತಿ ಹೇಳಿದೆ. "ನಿಮ್ಮ ಕಟ್ಟಳೆ ನನಗೆ ಗೊತ್ತಿರಲಿಲ್ಲ. ನನ್ನ ಮೊಮ್ಮಗಳಿಗೆ ಗೊತ್ತು. ಅವಳು ಒಂದು ದಿನವೂ ತಪ್ಪಿಲ್ಲ. ತಪ್ಪಿದೋಳು ನಾನು, ಅವಳಲ್ಲ." ನಾನು ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ದಾಟಿ ಮತ್ತೆ ಕನ್ನಡಕ್ಕೆ ಬಂದೆ, ಸುಜಾತ ಎಲ್ಲಾ ಹಿಡಕೊಂಡು ಅವರ ಭಾಷೆಗೆ ಹಾಕಿದಳು.

ಎರಡು ಕೈ ಎತ್ತಿದ್ದು ಯಾಕೆ ಅಂತ ಅಧ್ಯಕ್ಷೆ ಕೇಳಿದಳು. "ಅವಳ ತಾತ ಇಲ್ಲ. ಅವರದ್ದೂ ಸೇರಿಸಿ ಎತ್ತಿದೆ," ಅಂದೆ. ಸುಜಾತ ಹೇಳಿದ ಮೇಲೆ ಸಭೆ ಪೂರ್ತಿ ನಕ್ಕಿತು. ಗೊಣಗಿದವನೂ ನಕ್ಕ. ಅಧ್ಯಕ್ಷೆ, "ಅಜ್ಜಿಯ ಕೈ ನಾವೆಲ್ಲ ನೋಡಿದೆವು. ಎಣಿಸೋಕೆ ಮಾತ್ರ ಆಗಲ್ಲ," ಅಂದಳು.

ರುಡಿ ಇನ್ನೂ ನಿಂತೇ ಇದ್ದ. "ಅಜ್ಜಿಯ ತಪ್ಪನ್ನ ಹುಡುಗಿಯ ಲೆಕ್ಕಕ್ಕೆ ಯಾರೂ ಸೇರಿಸಬೇಡಿ," ಅಂದ. "ಎಣಿಕೆ ಸರಿ ಇರಬೇಕು, ಅಷ್ಟಕ್ಕೇ ನಾನು ಎದ್ದಿದ್ದು. ಈಗ ಎಣಿಸಿ."

ಮತ್ತೆ ಕೈಗಳು ಎದ್ದವು. ಈ ಸಲ ನಾನು ನನ್ನ ಎರಡು ಕೈಯನ್ನೂ ತೊಡೆ ಕೆಳಗೆ ಹಾಕಿಕೊಂಡು ಕೂತೆ. ಉಲ್ಲನ್ನಿನ ಹೆಂಗಸು ಸೂಜಿ ಸಮೇತ ಎತ್ತಿದಳು. ಎಣಿಸಿದರು. ಆಮೇಲೆ ಬೇಡ ಅನ್ನೋರು. ರುಡಿ ತೋಳು ನೆಟ್ಟಗೆ ಎತ್ತಿ, ಎಣಿಸೋ ಹುಡುಗ ಹತ್ತಿರ ಬಂದು ದಾಟಿ ಹೋಗೋವರೆಗೂ ಇಳಿಸಲಿಲ್ಲ. ಅವನ ಜೊತೆ ಕಡಿಮೆ ಜನವೇನೂ ಇರಲಿಲ್ಲ. ಹುಡುಗರು ಇಬ್ಬರೂ ಅಧ್ಯಕ್ಷೆಯ ಹತ್ತಿರ ಹೋಗಿ ಬಗ್ಗಿ ಹೇಳಿದರು. ಅವಳು ಕನ್ನಡಕ ಏರಿಸಿಕೊಂಡು ಓದಿದಳು.

ಸುಜಾತ ನನ್ನನ್ನ ತಬ್ಬಿಕೊಂಡಳು. "ಗೆದ್ದಳು ಅವ್ವಾ," ಅಂದಳು.

ಓಬಿಯನ್ನ ಒಳಗೆ ಕರೆದರು. ಬಾಗಿಲಲ್ಲೇ ನಿಂತುಬಿಟ್ಟಳು, ಜನ ಚಪ್ಪಾಳೆ ತಟ್ಟಿದರೂ ಮುಂದೆ ಬರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಅವಳ ಹತ್ತಿರ ಹೋದವನು ರುಡಿ. ಮಂಡಿ ನೋವಿನ ಮನುಷ್ಯ, ಕುರ್ಚಿ ಸಾಲು ದಾಟಿಕೊಂಡು, ಕುಂಟುತ್ತಾ ಹೋದ. ಕೈ ಚಾಚಿದ. ಅವನು ಏನಂದ ಅಂತ ಓಬಿ ಆಮೇಲೆ ನನಗೆ ಎರಡು ಮೂರು ಸಲ ಹೇಳಿದ್ದಾಳೆ, ನಾನೇ ಕೇಳಿ ಕೇಳಿ ಹೇಳಿಸಿಕೊಂಡಿದ್ದೀನಿ.

"ನಾನು ಬೇಡ ಅಂತ ಎತ್ತಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ, ಅದಕ್ಕೆ ನಾನೇ ಹೇಳ್ತಿದೀನಿ. ಊರು ಹೂಂ ಅಂತು. ನನ್ನ ಊರು ಹೂಂ ಅಂದ ಮೇಲೆ ಅದು ನನ್ನ ಹೂಂ ಕೂಡ. ಬಾ, ಒಳಗೆ ಬಂದು ಕೂತ್ಕೋ."

ಓಬಿ ಅವನ ಕೈ ಹಿಡಿದುಕೊಂಡೇ ಏನೋ ಕೇಳಿದಳು. ಅವನು ಮೀಸೆ ಸವರಿಕೊಂಡು, "ಹಾಡಿನ ಕೂಟ ಮಂಗಳವಾರ. ನಿನಗೆ ಡ್ಯೂಟಿ ಇದ್ದರೆ ಬಿಡು. ಆದರೆ ಈ ಸಭೆ ತಪ್ಪಿಸಬೇಡ. ನನ್ನ ಎದುರು ಕೈ ಎತ್ತೋಕಾದರೂ ಬಾ," ಅಂದನಂತೆ.

ಎಷ್ಟು ಜಗಳ ನೋಡಿದ್ದೀನಿ ನಾನು. ಗೆದ್ದವರು ಹೇಗಿರ್ತಾರೆ ಅಂತ ಎಲ್ಲರಿಗೂ ಗೊತ್ತು. ಸೋತವನು ಎದ್ದು ಹೋಗಿ, ಗೆದ್ದವಳನ್ನ ಕರೆದು ಕೂರಿಸೋದು ಅವತ್ತು ಮೊದಲು ನೋಡಿದೆ. ಕೆಂಪು ದೀಪಕ್ಕೆ ಯಾರೂ ಇಲ್ಲದಿದ್ದರೂ ಜನ ಯಾಕೆ ನಿಲ್ತಾರೆ ಅಂತ ಓಬಿ ಹೇಳಿದಾಗ ಅರ್ಥ ಆಗದೇ ಇದ್ದಿದ್ದು, ಆ ಮುದುಕ ಕುಂಟಿಕೊಂಡು ಹೋಗಿದ್ದು ನೋಡಿ ಅರ್ಥ ಆಯ್ತು.

ಓಬಿ ಒಳಗೆ ಬಂದಳು. ಆದರೆ ಮುಂದಿನ ಕುರ್ಚಿಗೆ ಹೋಗಲಿಲ್ಲ. ಮೇಲಿನ ಕಚೇರಿಯ ಮೊಹರು ಬೀಳೋವರೆಗೂ ಅವಳ ಕೈಗೂ ಹಕ್ಕಿಲ್ಲವಂತೆ. ಹಗ್ಗ ದಾಟಿ ಹಿಂದಕ್ಕೆ ಬಂದು, ನನ್ನ ಬೆಂಚಿನಲ್ಲಿ, ನನ್ನ ಪಕ್ಕ ಒತ್ತಿಕೊಂಡು ಕೂತಳು. ಕಣ್ಣು ಒರೆಸಿಕೊಂಡಳು. ನಾನು ಮಾಡಿದ ಘನಕಾರ್ಯ ಸುಜಾತ ಅವಳ ಕಿವಿಗೆ ಹಾಕಿದಳು. ಓಬಿ ನನ್ನನ್ನ ನೋಡಿದಳು. ನಾನು ಮುಂದೆ ನೋಡಿದೆ.

ಸಭೆ ಮುಂದುವರೀತು. ಹಿಮ ತೆಗೆಯೋ ಹೊಸ ಗಾಡಿ ಕೊಳ್ಳಬೇಕೋ, ಹಳೇದನ್ನೇ ರಿಪೇರಿ ಮಾಡಿಸಬೇಕೋ ಅಂತ. ಅಧ್ಯಕ್ಷೆ, ಹೊಸದು ಬೇಕು ಅನ್ನೋರು ಕೈ ಎತ್ತಿ ಅಂದಳು. ನನಗೆ ಹಳೇದೇ ಸಾಕು ಅನ್ನಿಸಿತ್ತು, ನಾನೇನೂ ಎತ್ತುತ್ತಿರಲಿಲ್ಲ. ಆದರೂ ಓಬಿ ನನ್ನ ಎರಡೂ ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡು, ಅವುಗಳ ಮೇಲೆ ತನ್ನ ಎರಡೂ ಕೈ ಗಟ್ಟಿಯಾಗಿ ಊರಿದಳು. ಸಭೆ ಮುಗಿಯೋವರೆಗೂ ಬಿಡಲಿಲ್ಲ.